ಹೆಸರು ಮೊದಲು, ಸ್ಕ್ಯಾನ್ ಆಮೇಲೆ: ಮನೆತನದ ನೆನಪು ಉಳಿಸುವ ಕೆಲಸದ ಕ್ರಮ

ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಹಳೆಯ ಮನೆಗಳಲ್ಲಿ ಮಂಚದ ಕೆಳಗೋ ಅಟ್ಟದ ಮೇಲೋ ಒಂದು ಕಬ್ಬಿಣದ ಟ್ರಂಕು ಇರುತ್ತದೆ. ಅದರಲ್ಲಿ ಕ್ರಯಪತ್ರ, ಲಗ್ನಪತ್ರಿಕೆ, ಜಾತಕ, ಸ್ಟುಡಿಯೋದ ಪರದೆಯ ಮುಂದೆ ಕುರ್ಚಿ ಹಿಡಿದು ನಿಂತವರ ಕಪ್ಪು-ಬಿಳುಪು ಫೋಟೊ. ಟ್ರಂಕು ತೆರೆದ ಕೂಡಲೇ ಈಗಿನವರು ಫೋನ್ ತೆಗೆದು ಎಲ್ಲವನ್ನೂ ಸ್ಕ್ಯಾನ್ ಮಾಡಲು ಕೂರುತ್ತಾರೆ. ಇದು ತಲೆಕೆಳಗಾದ ಕ್ರಮ. ಫೋಟೊ ಟ್ರಂಕಿನಲ್ಲೇ ಇನ್ನೂ 20 ವರ್ಷ ಇದ್ದರೂ ಇದ್ದೀತು. ಅದರಲ್ಲಿರುವ ಐವರು ಯಾರೆಂದು ಬಲ್ಲ 84 ವರ್ಷದ ಅಜ್ಜಿಯ ನೆನಪು ಅಷ್ಟು ಕಾಲ ಕಾಯುವುದಿಲ್ಲ. ಯಾರೆಂದು ಗೊತ್ತಿಲ್ಲದ ಫೋಟೊವನ್ನು ಎಷ್ಟು ಚೆನ್ನಾಗಿ ಸ್ಕ್ಯಾನ್ ಮಾಡಿದರೂ ಮೊಮ್ಮಕ್ಕಳಿಗೆ ಅದು ಅಪರಿಚಿತರ ಚಿತ್ರವೇ.

ಆದ್ದರಿಂದ ಮೊದಲು ಹೆಸರು, ಆಮೇಲೆ ದನಿ, ಆಮೇಲೆ ಕಾಗದ ಮತ್ತು ಫೋಟೊಗಳ ರಕ್ಷಣೆ. ಸ್ಕ್ಯಾನು, ಪ್ರತಿ, ಪುಸ್ತಕ ಎಲ್ಲ ಕೊನೆಗೆ.

ಹೆಸರು ಬರೆದುಕೊಳ್ಳುವುದು

ಬೇಕಾದದ್ದು ಕಡಿಮೆ. 200 ಪುಟದ ಗಟ್ಟಿ ರಟ್ಟಿನ ನೋಟ್‌ಬುಕ್, ಮೆತ್ತನೆಯ 2ಬಿ ಅಥವಾ 4ಬಿ ಪೆನ್ಸಿಲ್, ಒಂದಷ್ಟು ಬಿಳಿ ಲಕೋಟೆ, ಒಂದು ಫೋನು. ಪ್ರತಿ ಫೋಟೊವನ್ನೂ ಒಂದೊಂದು ಲಕೋಟೆಗೆ ಹಾಕಿ, ಲಕೋಟೆಯ ಮೇಲೆ 1, 2, 3 ಎಂದು ಸಂಖ್ಯೆ ಕೊಡಿ. ಲಕೋಟೆ ಖಾಲಿಯಿದ್ದಾಗಲೇ ಬರೆದುಕೊಳ್ಳಬೇಕು. ಫೋಟೊ ಒಳಗಿಟ್ಟು ಮೇಲೆ ಬರೆದರೆ ಪೆನ್ನಿನ ಒತ್ತು ಮುಖದ ಮೇಲೆ ಗೀರಾಗಿ ಮೂಡುತ್ತದೆ.

ವಯಸ್ಸಾದವರಿಗೆ ಬೆರಳಗಲದ ಮುಖಗಳು ಕಾಣುವುದಿಲ್ಲ. ಕಾಣಲಿಲ್ಲ ಎಂದು ಒಪ್ಪಿಕೊಳ್ಳಲು ಸಂಕೋಚಪಟ್ಟು ಅಂದಾಜಿನಲ್ಲಿ ಹೆಸರು ಹೇಳಿಬಿಡುತ್ತಾರೆ. ಫೋನಿನಲ್ಲಿ ಫೋಟೊ ಹಿಡಿದು ಟಿ.ವಿ. ಪರದೆಯ ಮೇಲೆ ದೊಡ್ಡದಾಗಿ ತೋರಿಸಿ. ಅದುವರೆಗೆ ಬಾರದ ಹೆಸರುಗಳು ಬರುತ್ತವೆ. ನೋಟ್‌ಬುಕ್ಕಿನಲ್ಲಿ ಫೋಟೊದ ಒಂದು ಒರಟು ನಕ್ಷೆ ಬರೆದು, ತಲೆಗೊಂದು ಸೊನ್ನೆ ಹಾಕಿ, ಹಿಂದಿನ ಸಾಲಿನಿಂದ ಶುರುಮಾಡಿ ಎಡದಿಂದ ಬಲಕ್ಕೆ ಅಂಕಿ ಕೊಡಿ. ಪ್ರತಿ ಅಂಕಿಗೂ ಐದು ವಿಷಯ: ಹುಟ್ಟಿದಾಗ ಇಟ್ಟ ಹೆಸರು, ಕರೆಯುತ್ತಿದ್ದ ಹೆಸರು, ತಂದೆ-ತಾಯಿ, ಊರು, ಮದುವೆಯಾಗಿ ಸೇರಿದ ಮನೆ.

ಇಲ್ಲಿ ಆಗುವ ದೊಡ್ಡ ತಪ್ಪು, ನಂಟಿನ ಪದವನ್ನೇ ಹೆಸರೆಂದು ಬರೆಯುವುದು. “ದೊಡ್ಡಮ್ಮ, ಮಾಲೂರು ಅತ್ತೆ, ಚಿಕ್ಕ ತಾತ” ಎಂದು ಬರೆದಿಟ್ಟರೆ ಒಂದು ತಲೆಮಾರು ಕಳೆದ ಮೇಲೆ ಯಾರ ದೊಡ್ಡಮ್ಮ, ಯಾರ ಅತ್ತೆ? ನಮ್ಮ ಕಡೆಯಂತೂ ಕನ್ನಡ, ತೆಲುಗು ಎರಡೂ ಬಳಸುವ ಮನೆಗಳಲ್ಲಿ “ಅವ್ವ” ಎಂದರೆ ಒಂದು ಮನೆಗೆ ತಾಯಿ, ಪಕ್ಕದ ಮನೆಗೆ ಅಜ್ಜಿ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯಿಂದ ಒಂದೇ ವಂಶದಲ್ಲಿ ಮೂವರು ಮುನಿಯಪ್ಪ, ಇಬ್ಬರು ನಂಜಮ್ಮ ಇರುತ್ತಾರೆ. ಹಿರಿಯನಿಂದ ಹಿಡಿದು ಮುನಿಯಪ್ಪ 1, ಮುನಿಯಪ್ಪ 2 ಎಂದು ಅಂಕಿ ಹಾಕಿಬಿಡಿ. ಮದುವೆಯಲ್ಲಿ ಹೆಸರು ಬದಲಾದ ಹೆಣ್ಣುಮಕ್ಕಳ ತವರಿನ ಹೆಸರನ್ನು ತಪ್ಪದೆ ಕೇಳಿ. ಅದು ಯಾವ ಕಾಗದದಲ್ಲೂ ಸಿಗದೆ, ಅವರ ಜೊತೆಗೇ ಹೋಗಿಬಿಡುವ ಸಂಗತಿ.

ಇಬ್ಬರು ಹಿರಿಯರು ಬೇರೆ ಬೇರೆ ಹೆಸರು ಹೇಳಿದರೆ ತೀರ್ಪು ಕೊಡಬೇಡಿ. ಎರಡನ್ನೂ ಬರೆದು, ಯಾರು ಹೇಳಿದ್ದು, ಯಾವ ದಿನ ಹೇಳಿದ್ದು ಎಂದು ಪಕ್ಕದಲ್ಲಿ ಗುರುತಿಸಿ.

ಫೋಟೊದ ಹಿಂದೆ ಬರೆಯುವುದಾದರೆ ಹಳೆಯ ಕಾಗದದ ಬೆನ್ನಿರುವ ಫೋಟೊಗಳಿಗೆ ಪೆನ್ಸಿಲ್ ಮಾತ್ರ. ಗಾಜಿನ ಮೇಲೆ ಮುಖ ಕೆಳಗಾಗಿ ಇಟ್ಟು, ಅಂಚಿನಲ್ಲಿ, ಹಗುರವಾಗಿ. ಬಾಲ್‌ಪೆನ್ನಿನ ಶಾಯಿ ಒಂದರ ಮೇಲೊಂದು ಇಟ್ಟಾಗ ಕೆಳಗಿನ ಫೋಟೊದ ಮುಖಕ್ಕೆ ಅಂಟುತ್ತದೆ. ನಂತರದ ಕಾಲದ ಬಣ್ಣದ ಫೋಟೊಗಳ ಬೆನ್ನು ಪ್ಲಾಸ್ಟಿಕ್ ಲೇಪದ್ದು, ಪೆನ್ಸಿಲ್ ಹಿಡಿಯುವುದಿಲ್ಲ; ಅವಕ್ಕೆ ಲಕೋಟೆಯ ಮೇಲಿನ ಬರಹವೇ ಸಾಕು.

ಇಸವಿ ಗೊತ್ತಿಲ್ಲದಾಗ

“ಇಸವಿ ಗಿಸವಿ ಗೊತ್ತಿಲ್ಲಪ್ಪ, ತಾರಣ ಸಂವತ್ಸರದಲ್ಲಿ ಹುಟ್ಟಿದ್ದು ಅಂತ ನಮ್ಮಮ್ಮ ಹೇಳೋರು.” ಇದನ್ನು ಉತ್ತರ ಸಿಗಲಿಲ್ಲವೆಂದು ಬಿಟ್ಟುಬಿಡುವವರೇ ಹೆಚ್ಚು. ವಾಸ್ತವವಾಗಿ ಇದು ಬಹಳ ಒಳ್ಳೆಯ ಉತ್ತರ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದ ಜೂನ್ 1ಕ್ಕಿಂತ ಇದನ್ನೇ ಹೆಚ್ಚು ನಂಬಬಹುದು.

ಲೆಕ್ಕ ಸುಲಭ. ಸಂವತ್ಸರ 60, ಮೊದಲನೆಯದು ಪ್ರಭವ. ಪ್ರಭವ ಬಂದದ್ದು 1867, 1927, 1987ರ ಯುಗಾದಿಗೆ. ಪಂಚಾಂಗದ ಪಟ್ಟಿಯಲ್ಲಿ ನಿಮಗೆ ಬೇಕಾದ ಸಂವತ್ಸರ ಎಷ್ಟನೆಯದು ನೋಡಿ, ಅದರಿಂದ ಒಂದು ಕಳೆದು, ಪ್ರಭವದ ಇಸವಿಗೆ ಕೂಡಿಸಿ. ತಾರಣ 18ನೆಯದು, 1927ಕ್ಕೆ 17 ಸೇರಿದರೆ 1944. ಅಂದರೆ 1944ರ ಯುಗಾದಿಯಿಂದ 1945ರ ಯುಗಾದಿಯೊಳಗೆ. ಅದೇ ತಾರಣ 1884ರಲ್ಲೂ 2004ರಲ್ಲೂ ಬಂದಿದೆ, ಆದರೆ ವಯಸ್ಸು ನೋಡಿದರೆ ಯಾವುದೆಂದು ಗೊತ್ತಾಗುತ್ತದೆ. ತಿಂಗಳು ಮಾಘ ಅಥವಾ ಫಾಲ್ಗುಣ ಎಂದು ನೆನಪಿದ್ದರೆ 1945 ಎಂದು ಬರೆಯಬೇಕು, ಏಕೆಂದರೆ ಆಗ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ. ಈ ಒಂದು ವರ್ಷದ ತಪ್ಪು ತುಂಬ ವಂಶಾವಳಿಗಳಲ್ಲಿದೆ. ಲಗ್ನಪತ್ರಿಕೆಯಲ್ಲಿ ಶಾಲಿವಾಹನ ಶಕೆ ಕೊಟ್ಟಿದ್ದರೆ 78 ಕೂಡಿಸಿ. ಜನವರಿಯಿಂದ ಯುಗಾದಿಯೊಳಗಿನ ದಿನವಾದರೆ 79. ಮುತ್ತಜ್ಜನ ಕಾಲದ ಮಾತಿನಲ್ಲಿ “ಧಾತು ಈಶ್ವರದ ಬರ” ಬಂದರೆ ಅದು 1876–78ರ ದೊಡ್ಡ ಕ್ಷಾಮ. ಧಾತು, ಈಶ್ವರ ಎರಡೂ ಆ ಸಾಲಿನ ಸಂವತ್ಸರಗಳ ಹೆಸರು.

ದಿನಾಂಕವಿಲ್ಲದ ಕಾಗದಗಳಿಗೆ ಬೇರೆ ಸುಳಿವುಗಳಿವೆ. “ಮೈಸೂರು ರಾಜ್ಯ” ಎಂದು ಅಚ್ಚಾಗಿದ್ದರೆ 1973ರ ನವೆಂಬರ್ 1ಕ್ಕಿಂತ ಹಿಂದಿನದು. ಬೆಲೆ ರೂಪಾಯಿ-ಆಣೆ-ಪೈಗಳಲ್ಲಿ ಅಚ್ಚಾಗಿದ್ದರೆ ಸಾಮಾನ್ಯವಾಗಿ 1957ರ ಏಪ್ರಿಲ್‌ಗಿಂತ ಹಿಂದೆ. “ನಯಾ ಪೈಸೆ” ಎಂದಿದ್ದರೆ 1957ರಿಂದ 1964ರ ನಡುವೆ. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ಈಚಿನದು. ಬಂಗಾರಪೇಟೆಯನ್ನು “ಬೌರಿಂಗ್‌ಪೇಟೆ” ಎಂದು ಬರೆದ ಕಾಗದ ಹಳೆಯದು. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿಯವರು ಇನ್ನೊಂದನ್ನು ನೆನಪಿಡಬೇಕು: ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೆ ಹಿಂದಿನ ನಿಮ್ಮ ಎಲ್ಲ ಕಾಗದದಲ್ಲೂ ಕೋಲಾರ ಜಿಲ್ಲೆ ಎಂದೇ ಇರುತ್ತದೆ, ಹುಡುಕುವಾಗಲೂ ಹಾಗೆಯೇ ಹುಡುಕಬೇಕು. ಇವೆಲ್ಲ ಹಿಂದು-ಮುಂದಿನ ಗಡಿ ತೋರಿಸುತ್ತವೆ ಅಷ್ಟೆ. ಹಳೆಯ ಅಚ್ಚಿನ ಹಾಳೆಯನ್ನು ಮುಗಿಯುವವರೆಗೂ ಬಳಸುತ್ತಿದ್ದರು, ಹಾಗಾಗಿ “ಸುಮಾರು” ಎಂದು ಸೇರಿಸಿಯೇ ಬರೆಯಿರಿ.

ದನಿ ಹಿಡಿಯುವುದು

“ನಿಮ್ಮ ಜೀವನದ ಬಗ್ಗೆ ಹೇಳಿ” ಎಂದು ಕೇಳಿದರೆ “ಏನಿದೆ ಹೇಳೋಕೆ, ಕಷ್ಟಪಟ್ಟು ಬೆಳೆದ್ವಿ” ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಕೈಗೆ, ಕಣ್ಣಿಗೆ ಸಿಗುವುದನ್ನು ಕೇಳಿ. ಹಳೆಯ ಮನೆಯ ಬಾಗಿಲು ಯಾವ ದಿಕ್ಕಿಗಿತ್ತು, ಒಳಗೆ ಕಾಲಿಟ್ಟರೆ ಎಡಕ್ಕೆ ಏನಿತ್ತು? ಎತ್ತು ಕಟ್ಟಿ ಬಾವಿಯಿಂದ ನೀರೆತ್ತುವ ಕಪಿಲೆ ಹೊಡೆಯುವಾಗ ಯಾವ ಪದ ಹಾಡುತ್ತಿದ್ದರು? ರೇಷ್ಮೆ ಸಾಕಿದ ಮನೆಯಾದರೆ, ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಹುಳುವಿಗೆ ರಾತ್ರಿ ಸೊಪ್ಪು ಹಾಕಲು ಯಾರು ಏಳುತ್ತಿದ್ದರು, ಗೂಡು ಮಾರಿ ಬಂದ ದಿನ ಮನೆಗೆ ಏನು ತರುತ್ತಿದ್ದರು? ಸಣ್ಣ ರೈಲಿನಲ್ಲಿ ಬಂಗಾರಪೇಟೆಗೆ ಹೋಗಿದ್ದಿರಾ, ಟಿಕೆಟ್ ಎಷ್ಟಿತ್ತು? ಚಿನ್ನದ ಗಣಿಯಲ್ಲಿ ದುಡಿದವರಿದ್ದರೆ ಯಾವ ಶಾಫ್ಟ್, ಯಾವ ಪಾಳಿ, ಯಾವ ಸಾಲುಮನೆ ಎಂದು ಕೇಳಿ; ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು, ಒಳಗೆ ಇಳಿದು ಕೆಲಸ ಮಾಡಿದವರ ಸಂಖ್ಯೆ ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದೆ. ಮಾತು ಬತ್ತಿದರೆ ಕೈಗೊಂದು ಸಾಮಾನು ಕೊಡಿ: ಸೇರು, ಕುಂಕುಮದ ಭರಣಿ, ಕುಡುಗೋಲು. ಕೈ ಅದನ್ನು ಹಿಡಿದ ರೀತಿಯಲ್ಲೇ ಮಾತು ಮತ್ತೆ ಹುಟ್ಟುತ್ತದೆ.

ಧ್ವನಿ ಕೆಡುವುದು ಫೋನಿನಿಂದಲ್ಲ, ಜಾಗದಿಂದ. ಜಗಲಿಯಲ್ಲಿ ಕೂತರೆ ಬೈಕಿನ ಸದ್ದು, ಹಾಲಿನಲ್ಲಿ ಫ್ಯಾನಿನ ಸದ್ದು, ಪಕ್ಕದಲ್ಲಿ ಕುಕ್ಕರ್ ಕೂಗು. ಹಾಸಿಗೆ, ಬಟ್ಟೆ ತುಂಬಿದ ಮಲಗುವ ಕೋಣೆಯೇ ಒಳ್ಳೆಯದು. ಬಟ್ಟೆ ಪ್ರತಿಧ್ವನಿಯನ್ನು ಹೀರುತ್ತದೆ. ಫ್ಯಾನ್ ಆರಿಸಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಮಡಿಸಿದ ಟವಲ್ ಮೇಲೆ, ಬಾಯಿಗೆ ಒಂದು ಗೇಣು ದೂರದಲ್ಲಿ ಇಡಿ. ಮೊದಲು ಅರ್ಧ ನಿಮಿಷ ರೆಕಾರ್ಡ್ ಮಾಡಿ ಇಯರ್‌ಫೋನಿನಲ್ಲಿ ಕೇಳಿ, ಆಮೇಲೆ ಮುಂದುವರಿಸಿ. ಆ್ಯಪ್‌ನಲ್ಲಿ ದನಿಯನ್ನು ಕುಗ್ಗಿಸದೆ ಇಡುವ ‘ವೇವ್’ ಮಾದರಿ ಇದ್ದರೆ ಅದನ್ನೇ ಆರಿಸಿ. 48 ಕಿಲೋಹರ್ಟ್ಸ್, 24 ಬಿಟ್, ಒಂದೇ ಚಾನೆಲ್ಲಿನಲ್ಲಿ ಒಂದು ಗಂಟೆಗೆ ಸುಮಾರು 520 ಎಂ.ಬಿ. ಜಾಗ ಬೇಕು, ಶುರುಮಾಡುವ ಮುಂಚೆ ಫೋನಿನಲ್ಲಿ ಅಷ್ಟು ಖಾಲಿ ಇದೆಯೇ ನೋಡಿ.

ಮೊದಲ ಮಾತು ನಿಮ್ಮದಾಗಿರಲಿ: ಇವತ್ತಿನ ದಿನಾಂಕ, ಊರು, ಹೇಳುವವರ ಪೂರ್ತಿ ಹೆಸರು, ಕೇಳುವವರ ಹೆಸರು. ಒಂದು ಸಲಕ್ಕೆ 40–45 ನಿಮಿಷ ಸಾಕು, ಅದರಾಚೆ ಹಿರಿಯರು ದಣಿಯುತ್ತಾರೆ. ನಡುವೆ “ಹೌದಾ, ಹೌದಾ” ಅನ್ನದೆ ತಲೆಯಾಡಿಸಿ. ಅವರು ಸುಮ್ಮನಾದಾಗ ಮನಸ್ಸಿನಲ್ಲೇ ಐದು ಎಣಿಸಿ. ಮುಖ್ಯವಾದ ಮಾತು ಬಹಳ ಸಲ ಆ ಮೌನದ ಆಚೆಗೇ ಇರುತ್ತದೆ.

ಭಾಷೆಯ ವಿಷಯದಲ್ಲಿ ಒಂದು ಕಳಕಳಿಯ ಮಾತು. ಮನೆಯಲ್ಲಿ ತೆಲುಗು, ತಮಿಳು, ದಖನಿ ಉರ್ದು ಆಡುವ ಹಿರಿಯರು ಕ್ಯಾಮೆರಾ ಕಂಡೊಡನೆ “ಶುದ್ಧ” ಕನ್ನಡಕ್ಕೆ ಹೊರಳಲು ನೋಡುತ್ತಾರೆ, ಮಾತು ಒಣಗುತ್ತದೆ. ಅವರು ಆಡುವಂತೆಯೇ ಆಡಲಿ, ಅರ್ಧ ಕನ್ನಡ ಅರ್ಧ ತೆಲುಗಾದರೂ ಸರಿ. ಸಾರಾಂಶವನ್ನು ನೀವು ಆಮೇಲೆ ಕನ್ನಡದಲ್ಲಿ ಬರೆದುಕೊಳ್ಳಬಹುದು. ಸೋಬಾನೆ ಪದ, ಬೀಸುವ ಪದಗಳನ್ನು ಬೇರೆ ಫೈಲಿನಲ್ಲಿ ಹಿಡಿಯಿರಿ.

ಮುಗಿದ ದಿನವೇ ನೋಟ್‌ಬುಕ್ಕಿನಲ್ಲಿ ನಿಮಿಷದ ಪಟ್ಟಿ ಮಾಡಿ: “12:40 – ಬಾವಿ ತೋಡಿಸಿದ್ದು, 19:05 – ಚಿಕ್ಕಪ್ಪನ ಮದುವೆ.” ಪೂರ್ತಿ ಬರೆದಿಳಿಸುತ್ತೇನೆಂದು ಹೊರಟರೆ ಒಂದು ಗಂಟೆಯ ಮಾತಿಗೆ ಐದಾರು ಗಂಟೆ ಹಿಡಿಯುತ್ತದೆ, ಕೆಲಸ ಅಲ್ಲಿಗೇ ನಿಲ್ಲುತ್ತದೆ. ಪಟ್ಟಿಯಿದ್ದರೆ ಯಾವಾಗ ಬೇಕಾದರೂ ಹುಡುಕಬಹುದು. ಇನ್ನೊಂದು: ಆಸ್ತಿ ಪಾಲು, ಮುರಿದ ಮದುವೆ, ಅಕಾಲದ ಸಾವು ಇಂಥ ಮಾತು ಬಂದೇ ಬರುತ್ತದೆ. “ಇದರಲ್ಲಿ ಯಾವುದನ್ನು ಯಾರಿಗೂ ಕೇಳಿಸಬಾರದು?” ಎಂದು ಕೊನೆಗೆ ಕೇಳಿ, ಆ ಭಾಗವನ್ನು ಬೇರ್ಪಡಿಸಿ, ಕೊಟ್ಟ ಮಾತು ಉಳಿಸಿಕೊಳ್ಳಿ.

ಕಾಗದ, ಕಡತ, ಹಿತ್ತಾಳೆ

ಹಳೆಯ ಪತ್ರವನ್ನು ಲ್ಯಾಮಿನೇಟ್ ಮಾಡಿಸಬೇಡಿ. ಬಿಸಿಗೆ ಕರಗಿದ ಪ್ಲಾಸ್ಟಿಕ್ ನಾರಿನೊಳಗೆ ಇಳಿಯುತ್ತದೆ, ಮತ್ತೆ ಬಿಡಿಸಲಾಗದು. ಒಳಗೆ ಹುಳಿ (ಆಮ್ಲ) ಇರುವ ಕಾಗದ ಕೊಳೆಯುವುದು ನಿಲ್ಲುವುದೂ ಇಲ್ಲ. ಸೆಲ್ಲೋಟೇಪ್ ಕೂಡ ಬೇಡ, ಕೆಲವೇ ವರ್ಷದಲ್ಲಿ ಅಂಟು ಹಳದಿಯಾಗಿ ಅಕ್ಷರವನ್ನು ನುಂಗುತ್ತದೆ. ಹರಿದದ್ದನ್ನು ಹಾಗೆಯೇ ಪಾರದರ್ಶಕ ಹಾಳೆಯೊಳಗೆ ಇಡಿ. ಅದು ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಆಗಿರಬೇಕು, ವಾಸನೆ ಬರುವ ಮೆತ್ತನೆಯ ಪಿ.ವಿ.ಸಿ. ಅಲ್ಲ. ತುಕ್ಕು ಹಿಡಿದ ಗುಂಡುಸೂಜಿಯನ್ನು ಎಳೆದರೆ ತೂತು ದೊಡ್ಡದಾಗುತ್ತದೆ. ತೆಳು ಪ್ಲಾಸ್ಟಿಕ್ ಹಾಳೆ ಕೆಳಗೆ ತೂರಿಸಿ ನಿಧಾನವಾಗಿ ಮೇಲೆತ್ತಿ. ನಾಲ್ಕು ಮಡಿಕೆಯ ಗಟ್ಟಿಯಾದ ಕ್ರಯಪತ್ರವನ್ನು ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಬಿಡಿಸಬೇಡಿ. ಒಣ ಹವೆಯಲ್ಲಿ ಕಾಗದ ಮಡಿಕೆಯಲ್ಲೇ ಮುರಿಯುತ್ತದೆ, ಮಳೆಗಾಲದ ತಂಪಿನಲ್ಲಿ ಅದೇ ಬಾಗುತ್ತದೆ.

ಹಳ್ಳಿಯ ಲೆಕ್ಕ ಬರೆಯುತ್ತಿದ್ದ ಶಾನುಭೋಗರ ಮನೆತನಗಳಲ್ಲಿ ಕೆಲವೊಮ್ಮೆ ಕಡತ ಸಿಗುತ್ತದೆ: ಹುಣಸೆಬೀಜದ ಸರಿ ಮತ್ತು ಇದ್ದಿಲಿನಿಂದ ಗಟ್ಟಿ ಮಾಡಿದ, ಮಡಿಕೆ ಮಡಿಕೆಯಾದ ಕಪ್ಪು ಬಟ್ಟೆ. ಅದರ ಮೇಲೆ ಬಳಪದಿಂದ ಬರೆದಿರುತ್ತಾರೆ. ಸ್ಲೇಟಿನಂತೆ ಒರೆಸಿದರೆ ಅಳಿಯುವ ಬರಹ ಅದು. ಧೂಳಿದೆಯೆಂದು ಒದ್ದೆ ಬಟ್ಟೆ ಮುಟ್ಟಿಸಿದರೆ ನೂರಾರು ವರ್ಷದ ಲೆಕ್ಕ ಒಂದೇ ಸಲಕ್ಕೆ ಹೋಗುತ್ತದೆ. ಒರೆಸದೆ, ಉಜ್ಜದೆ, ಮಡಿಕೆ ಮಡಿಕೆಗೂ ಓರೆ ಬೆಳಕಿನಲ್ಲಿ ಫೋಟೊ ಹಿಡಿಯಿರಿ. ಓಲೆಗರಿ ಇದ್ದರೆ ಕೊಬ್ಬರಿ ಎಣ್ಣೆ ಹಚ್ಚಬೇಡಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಕಡೆ ತೋರಿಸಿ ಸಲಹೆ ಪಡೆಯಿರಿ. 1891ರಲ್ಲಿ ಶುರುವಾದ ಆ ಸಂಸ್ಥೆಯ ಕೆಲಸವೇ ಓಲೆಗರಿಗಳ ಸಂರಕ್ಷಣೆ.

ಬಹಳ ಮಂದಿ ಮರೆಯುವ ದಾಖಲೆ ಅಡುಗೆಮನೆಯಲ್ಲಿದೆ. ಮದುವೆಗೆ ಕೊಟ್ಟ ಹಿತ್ತಾಳೆ, ತಾಮ್ರದ ಕೊಳಗ, ಚೊಂಬು, ಹಂಡೆಗಳ ಕಂಠದಲ್ಲಿ ಹೆಸರು, ಊರು, ಕೆಲವೊಮ್ಮೆ ದಿನಾಂಕ ಕೊರೆಸಿರುತ್ತಾರೆ. ಹಳೆಯ ಪಾತ್ರೆ ಹಾಕಿ ಸ್ಟೀಲು ತರುವ ಮುಂಚೆ ಪ್ರತಿಯೊಂದನ್ನೂ ತಿರುಗಿಸಿ ನೋಡಿ. ಟಾರ್ಚನ್ನು ಪಕ್ಕದಿಂದ ಹಿಡಿದರೆ ಸವೆದ ಅಕ್ಷರವೂ ನೆರಳಿನಿಂದ ಎದ್ದು ಕಾಣುತ್ತದೆ. ತೆಳು ಕಾಗದವಿಟ್ಟು ಮೇಲೆ ಪೆನ್ಸಿಲ್ ಉಜ್ಜಿದರೂ ಅಚ್ಚು ಸಿಗುತ್ತದೆ.

ವಂಶವೃಕ್ಷಕ್ಕೆ ನಾಡಕಚೇರಿಯ ಪ್ರಮಾಣಪತ್ರವನ್ನೇ ನೆಚ್ಚಿಕೊಳ್ಳಬೇಡಿ. ಅದು ಪೌತಿ ಖಾತೆಯಂಥ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ) ಕೆಲಸಕ್ಕೆ ವಾರಸುದಾರರನ್ನು ತೋರಿಸುವ ಕಾಗದ. ಮನೆಯ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳು, ಅವರ ಮಕ್ಕಳು, ಚಿಕ್ಕಂದಿನಲ್ಲೇ ತೀರಿಕೊಂಡವರು, ದತ್ತು ಹೋದವರು ಎಲ್ಲರೂ ಇರಬೇಕು. ಮನೆದೇವರು, ಮೂಲ ಊರು, ಅಲ್ಲಿಂದ ಹೊರಟ ಕಾರಣವನ್ನೂ ಸೇರಿಸಿ.

ಫೋಟೊ ಕಾಪಾಡುವುದು, ಪ್ರತಿ ಮಾಡುವುದು

ಅಟ್ಟ ಎಲ್ಲಕ್ಕಿಂತ ಕೆಟ್ಟ ಜಾಗ. ಶೀಟಿನ ಕೆಳಗಿನ ಕಾವಿಗೆ ಫೋಟೊದ ಮೇಲ್ಪದರ ಬಿರಿಯುತ್ತದೆ. ಟ್ರಂಕನ್ನು ಒಳಗೋಣೆಯಲ್ಲಿ, ನಾಲ್ಕು ಇಟ್ಟಿಗೆಯ ಮೇಲೆ, ಗೋಡೆಗೆ ಒಂದು ಗೇಣು ಬಿಟ್ಟು ಇಟ್ಟರೆ ಗೆದ್ದಲಿನ ದಾರಿ ಕಣ್ಣಿಗೆ ಬೀಳುತ್ತದೆ. ನುಸಿಗುಳಿಗೆಯ ಆವಿ ಫೋಟೊಕ್ಕೆ ಒಳ್ಳೆಯದಲ್ಲ, ಹಸಿ ಬೇವಿನ ಸೊಪ್ಪು ತೇವ ತರುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಸಾಕು. ನೀಲಿ ಹರಳು ಗುಲಾಬಿಯಾದರೆ ಬದಲಿಸಿ.

ತೀರಿಕೊಂಡ ಹಿರಿಯರ ಫೋಟೊಕ್ಕೆ ಗೋಡೆಯಲ್ಲಿ ಹಾರ, ಕುಂಕುಮ, ಊದುಬತ್ತಿ ಸಲ್ಲಬೇಕಾದದ್ದೇ. ಆದರೆ ಹೂವಿನ ತೇವ, ಹೊಗೆ, ಕಿಟಕಿಯ ಬಿಸಿಲು ಮೂರೂ ಸೇರಿ ಇರುವ ಒಂದೇ ಚಿತ್ರವನ್ನು ತಿನ್ನುತ್ತವೆ. ಗೋಡೆಗೆ ಒಳ್ಳೆಯ ಪ್ರತಿ ಹಾಕಿಸಿ, ಮೂಲವನ್ನು ಟ್ರಂಕಿನಲ್ಲಿಡಿ. ಫ್ರೇಮಿನ ಗಾಜಿಗೆ ಅಂಟಿಕೊಂಡಿರುವ ಫೋಟೊವನ್ನು ಎಳೆಯಲೇಬೇಡಿ, ಮುಖದ ಪದರ ಗಾಜಿನಲ್ಲೇ ಉಳಿಯುತ್ತದೆ. ಗಾಜಿನ ಸಮೇತ, ಕಪ್ಪು ಬಟ್ಟೆ ಎದುರು ಹಿಡಿದು ಪ್ರತಿಬಿಂಬ ತಡೆದು, ಕ್ಯಾಮೆರಾದಲ್ಲಿ ತೆಗೆಯಿರಿ. ಅಂಟು ಹಾಳೆಯ ಆಲ್ಬಮ್‌ನಿಂದ ಬಿಡಿಸಲು ಹಲ್ಲಿನ ಸಂದಿ ಶುಚಿಮಾಡುವ ತೆಳು ದಾರವನ್ನು ಫೋಟೊದ ಕೆಳಗೆ ಗರಗಸದಂತೆ ಆಡಿಸಿ.

ಸ್ಕ್ಯಾನರ್‌ನಲ್ಲಿ ಪೋಸ್ಟ್‌ಕಾರ್ಡ್ ಅಳತೆಯ ಫೋಟೊಕ್ಕೆ 600 ಡಿಪಿಐ (ಅಂಗುಲಕ್ಕೆ ಇಷ್ಟು ಚುಕ್ಕೆ ಎಂಬ ಅಳತೆ), ಪಾಸ್‌ಪೋರ್ಟ್ ಅಳತೆಗೆ 1200, ನೆಗೆಟಿವ್‌ಗೆ 2400ಕ್ಕೆ ಕಡಿಮೆಯಿಲ್ಲ. ಮೂಲ ಪ್ರತಿ ವಿವರ ಕಳೆಯದ ಟಿಫ್ ಫೈಲಾಗಿರಲಿ, ಹಂಚಲು ಚಿಕ್ಕದಾದ ಜೆಪೆಗ್. ಫೋಟೊದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ, ಸ್ಟುಡಿಯೋದ ಮುದ್ರೆ ಅಲ್ಲೇ ಇರುತ್ತದೆ. ಫೋನಿನಲ್ಲಾದರೆ ಬಿಸಿಲು ನೇರ ಬೀಳದ ಕಿಟಕಿಯ ಪಕ್ಕ, ಫ್ಲ್ಯಾಶ್ ಇಲ್ಲದೆ, ಫೋಟೊಕ್ಕೆ ಸಮಾನಾಂತರವಾಗಿ ಹಿಡಿದು.

ಮದುವೆಯ ವಿ.ಎಚ್.ಎಸ್. ಟೇಪು ಇದ್ದರೆ ಈ ವರ್ಷವೇ ಮಾಡಿಸಿ. ವಿ.ಸಿ.ಆರ್. ತಯಾರಿಕೆ ಜಗತ್ತಿನಲ್ಲೇ 2016ಕ್ಕೆ ನಿಂತುಹೋಗಿದೆ, ಓಡುವ ಯಂತ್ರಗಳೂ ಅವುಗಳ ಹೆಡ್‌ಗಳೂ ಮುಗಿಯುತ್ತಿವೆ. ಬೂಷ್ಟು ಹಿಡಿದ ಟೇಪನ್ನು ಪರೀಕ್ಷೆಗೆಂದು ಮನೆಯಲ್ಲಿ ಹಾಕಿದರೆ ಟೇಪೂ ಕೆಡುತ್ತದೆ, ಯಂತ್ರವೂ ಕೆಡುತ್ತದೆ.

ಫೈಲು, ಪ್ರತಿ, ಪುಸ್ತಕ

ಫೈಲಿನ ಹೆಸರು ಇಸವಿಯಿಂದ ಶುರುವಾಗಲಿ: “1968-05 ಮದುವೆ ಮಾಲೂರು 012”. ಕೊನೆಯ ಅಂಕಿ ಲಕೋಟೆಯ ಸಂಖ್ಯೆಯೇ ಆಗಿರಬೇಕು. ಫೋಟೊ, ನೋಟ್‌ಬುಕ್, ಫೈಲು ಮೂರನ್ನೂ ಕಟ್ಟುವ ದಾರ ಅದೊಂದೇ. ಬರಹವೆಲ್ಲ ಯಾವ ಕಂಪ್ಯೂಟರಿನಲ್ಲೂ ಓದಲಾಗುವ ಯೂನಿಕೋಡ್‌ ಅಕ್ಷರದಲ್ಲಿರಲಿ. ಹಿಂದೆ ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿದ ವಂಶಾವಳಿ ಇದ್ದರೆ ಈಗಲೇ ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಕೂತು ತಿದ್ದಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ.

ಮೂರು ಪ್ರತಿ ಇಡಿ: ಒಂದು ಕಂಪ್ಯೂಟರಿನಲ್ಲಿ, ಒಂದು ಹಾರ್ಡ್‌ಡಿಸ್ಕಿನಲ್ಲಿ, ಒಂದು ಬೇರೆ ಊರಿನ ಸಂಬಂಧಿಕರ ಮನೆಯಲ್ಲೋ ಕ್ಲೌಡ್‌ನಲ್ಲೋ. ಪೆನ್‌ಡ್ರೈವ್ ಸಾಗಿಸಲು ಸರಿ, ವರ್ಷಗಟ್ಟಲೆ ಇಡಲು ಅಲ್ಲ. ವಾಟ್ಸ್‌ಆ್ಯಪ್ ಗುಂಪಿಗೆ ಸಾಮಾನ್ಯವಾಗಿ ಹಾಕಿದ ಫೋಟೊ ಕುಗ್ಗಿ ಹೋಗುತ್ತದೆ. ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಮಾತ್ರ ಮೂಲದಂತೆ ಮುಟ್ಟುತ್ತದೆ. ಗೂಗಲ್ ಖಾತೆಯನ್ನು ಎರಡು ವರ್ಷ ಬಳಸದಿದ್ದರೆ ಕಂಪನಿ ಅದನ್ನು ಅಳಿಸಬಹುದು. ಖಾತೆಯ ಒಡೆಯರು ತೀರಿಕೊಂಡರೆ ಯಾರಿಗೆ ಸಿಗಬೇಕೆಂದು ಮೊದಲೇ ಸೂಚಿಸುವ ಸೌಲಭ್ಯ ಅದರ ಸೆಟ್ಟಿಂಗ್‌ನಲ್ಲೇ ಇದೆ, ಇವತ್ತೇ ತುಂಬಿ.

ಎಲ್ಲ ಆದ ಮೇಲೆ ಆಯ್ದ 60–80 ಫೋಟೊ, ವಂಶವೃಕ್ಷ, ಮಾತಿನ ಸಾರಾಂಶ ಸೇರಿಸಿ ಪುಸ್ತಕ ಮಾಡಿಸಿ. ಚೆನ್ನಾದ ಕಾಗದ, ದಾರದ ಹೊಲಿಗೆ. ಬರೀ ಅಂಟಿನ ಬೈಂಡಿಂಗ್ ಬಿಸಿಲಿಗೆ ಬಿಡುತ್ತದೆ. ಕವಲಿಗೊಂದರಂತೆ ಹಂಚಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಮನೆಗಳಿಗೂ ತಪ್ಪದೆ. ಪ್ರತಿ ಪುಸ್ತಕದ ಕೊನೆಗೆ ಹತ್ತು ಖಾಲಿ ಹಾಳೆ ಇರಲಿ. ತಿದ್ದುಪಡಿ, ಹೊಸ ಹೆಸರು ಅಲ್ಲಿ ಬರೆಯಲು. ಯುಗಾದಿಯ ಮಾರನೆಯ ದಿನ, ಎಲ್ಲರೂ ಊರಿನಲ್ಲಿರುವಾಗಲೇ, ಹಾರ್ಡ್‌ಡಿಸ್ಕ್ ತೆರೆದು ಹತ್ತು ಫೈಲು ತೆಗೆದು ನೋಡಿ. ಸಿಲಿಕಾ ಜೆಲ್ ಬದಲಿಸಿ, ಟ್ರಂಕಿನ ಬೀಗದ ಕೈ ಯಾರ ಬಳಿ ಇದೆ ಎಂಬುದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ.